ಈ ಮಕ್ಕಳ ಗುಳಿಗೆ ಏಕೆ ತಪ್ಪುತ್ತದೆ?

(ಕಮಲಾಪುರದ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ಸಂತೆಯ ಸುಂಕ ಇವುಗಳ ವಿಷಯ ಮಾತಾಡುವ ಈ ವೇದಿಕೆಯಿಂದ ಇಂದು ನಾವು ಎಚ್.ಐ.ವಿ. ಸೋಂಕಿನ ಮಾತು ಎತ್ತುತ್ತಿದ್ದೇವೆ. ಕೆಲವರಿಗೆ ಮುಜುಗರವಾದೀತು. ಆದರೆ ನಾವು ಹೇಳಹೊರಟಿರುವುದು 10ರಿಂದ 19 ವರ್ಷದೊಳಗಿನ ಮಕ್ಕಳ ಸಂಗತಿ. ಇವರಲ್ಲಿ ಬಹಳ ಮಂದಿಗೆ ಸೋಂಕು ಬಂದುದು ತಾಯಿಯಿಂದ. ಗರ್ಭದಲ್ಲಿ, ಹೆರಿಗೆಯಲ್ಲಿ, ಇಲ್ಲವೇ ಮೊಲೆಹಾಲಿನಲ್ಲಿ. ಹುಟ್ಟಿದ್ದೊಂದನ್ನು ಬಿಟ್ಟರೆ ಈ ಮಕ್ಕಳು ಬೇರೇನೂ ಮಾಡಿದವರಲ್ಲ.

ಔಷಧವಿದೆ. 2004ರ ಏಪ್ರಿಲ್ 1ರಿಂದ ಸರಕಾರ ಅದನ್ನು ಪುಕ್ಕಟೆಯಾಗಿ ಕೊಡುತ್ತಿದೆ. ಇದು ಯಾರ ದಯೆಯಿಂದಲೂ ಬಂದುದಲ್ಲ. 1970ರ ಪೇಟೆಂಟ್ ಕಾಯಿದೆ ಔಷಧವನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಹಕ್ಕು ಕೊಟ್ಟಿತೇ ಹೊರತು ಔಷಧವೆಂಬ ವಸ್ತುವಿನ ಮೇಲೆಯೇ ಏಕಸ್ವಾಮ್ಯ ಕೊಡಲಿಲ್ಲ. ಅದರ ಬಲದಿಂದಲೇ 2001ರಲ್ಲಿ ಮುಂಬಯಿಯ ಸಿಪ್ಲಾ, ಪಶ್ಚಿಮದ ಕಂಪನಿಗಳು ವರ್ಷಕ್ಕೆ 10,000 ಡಾಲರಿನ ಆಸುಪಾಸಿಗೆ ಮಾರುತ್ತಿದ್ದ ಚಿಕಿತ್ಸೆಯನ್ನು 350 ಡಾಲರಿಗೆ ಕೊಡಲು ಮುಂದೆ ಬಂದಿತು. 2005ರಲ್ಲಿ ಆ ಕಾಯಿದೆಯನ್ನೂ ತಿದ್ದಿದರು. ಅದು ಬೇರೊಂದು ದಿನದ ಭಾಷಣ.

ಈಗ ಹೆಚ್ಚಿನವರಿಗೆ ದಿನಕ್ಕೆ ಒಂದೇ ಗುಳಿಗೆ. ಮೂರು ಔಷಧ ಅದರಲ್ಲೇ ಸೇರಿವೆ. ರೋಗವನ್ನು ಅದು ಬೇರುಸಹಿತ ಕೀಳುವುದಿಲ್ಲ, ವೈರಾಣು ಬೆಳೆಯದಂತೆ ತಡೆದು ಹಿಡಿಯುತ್ತದೆ. ದಿನವೂ ತಪ್ಪದೆ ನುಂಗಿದವರ ರಕ್ತದಲ್ಲಿ ವೈರಾಣು ಪರೀಕ್ಷೆಗೂ ಸಿಗದಷ್ಟು ಇಳಿಯುತ್ತದೆ. ಹಾಗೆ ಇಳಿದೇ ಇದ್ದವರು ಮುಂದೆ ಮದುವೆಯಾದರೆ ಸಂಸಾರದಿಂದ ಸಂಗಾತಿಗೆ ಸೋಂಕು ಹರಡುವುದಿಲ್ಲ. ಮೇಲಿಂದ ಮೇಲೆ ತಪ್ಪಿಸಿದರೆ ವೈರಾಣು ಆ ಔಷಧಕ್ಕೆ ಬಗ್ಗದ ಹಾಗೆ ಮಾರ್ಪಡುತ್ತದೆ. ಆಮೇಲೆ ಬೇರೆ ಔಷಧವನ್ನೇ ಹುಡುಕಬೇಕು.

ದಿನಕ್ಕೊಂದು ಗುಳಿಗೆ ನುಂಗುವುದೇನು ಮಹಾ ಕಷ್ಟ, ಎಂದು ನೀವು ಕೇಳಬಹುದು. ನಾವೂ ಒಂದು ಕಾಲದಲ್ಲಿ ಹಾಗೆಯೇ ಕೇಳುತ್ತಿದ್ದೆವು.

15 ವರ್ಷದ ಒಬ್ಬ ಹುಡುಗಿಯನ್ನು ಎಣಿಸಿಕೊಳ್ಳಿ. ತಂದೆತಾಯಿ ಇಲ್ಲ. ಅಜ್ಜಿ ಬಾಳೆತೋಟದ ಕೂಲಿಗೆ ಹೋಗಿ ಸಾಕಿದ್ದಾಳೆ. "ಇದು ಶಕ್ತಿ ಗುಳಿಗೆ, ತಗೊಳ್ಳವ್ವ" ಎಂದು ಹೇಳುತ್ತಲೇ ಬಂದಿದ್ದಾಳೆ. ಒಂದು ದಿನ ಹುಡುಗಿ ಆಸ್ಪತ್ರೆಯ ಚೀಟಿಯನ್ನು ತಾನೇ ಓದಿಕೊಳ್ಳುತ್ತಾಳೆ. ಇಷ್ಟು ವರ್ಷ ಸುಳ್ಳು ಹೇಳಿದವರ ಮೇಲೆ, ಸತ್ತ ತಾಯಿಯ ಮೇಲೆ, ಆ ಗುಳಿಗೆಯ ಮೇಲೆಯೇ ಸಿಟ್ಟು ಬರುತ್ತದೆ. ಮುಂದೆ ಓದಿಗೆಂದು ವಿದ್ಯಾರ್ಥಿನಿಲಯ ಸೇರುತ್ತಾಳೆ. ಒಂದೇ ಕೋಣೆಯಲ್ಲಿ ಹತ್ತು ಜನ, ಬೀಗವಿಲ್ಲದ ಟ್ರಂಕು. ಡಬ್ಬಿ ಗಲಗಲ ಸದ್ದು ಮಾಡಬಾರದೆಂದು ಒಳಗೆ ಹತ್ತಿ ತುರುಕುತ್ತಾಳೆ. "ಏನೇ ಅದು?" ಎಂದು ಯಾರಾದರೂ ಕೇಳಿದ ರಾತ್ರಿ ಗುಳಿಗೆ ತಪ್ಪುತ್ತದೆ. ಎರಡು ದಿನ ತಪ್ಪಿದರೂ ಮೈಗೆ ಏನೂ ಆಗಿಲ್ಲ. ಹಾಗಾದರೆ ಬೇಕೇಕೆ ಎಂದೂ ತೋರುತ್ತದೆ. ಇದಕ್ಕೆ ಸೋಮಾರಿತನವೆಂಬ ಹೆಸರನ್ನು ನಾವು ಕೊಡಲಾರೆವು.

ಔಷಧದ ದಿನ ಬಂದರೆ ಹೊಸಪೇಟೆಗೋ ಬಳ್ಳಾರಿಗೋ ಬಸ್ಸು ಹಿಡಿಯಬೇಕು. ಅಜ್ಜಿಯ ಕೂಲಿ ಹೋಯಿತು, ಹುಡುಗಿಯ ಪಾಠ ಹೋಯಿತು. ಗಿರಣಿಯಲ್ಲಿ ದುಡಿಯುವ ಚಿಕ್ಕಪ್ಪ ಜೊತೆಗೆ ಹೊರಟರೆ ಮೇಸ್ತ್ರಿ ಕಾರಣ ಕೇಳುತ್ತಾನೆ. ಕಾರಣ ಹೇಳಿದರೆ ಸಂಜೆಯೊಳಗೆ ಚಹದಂಗಡಿಗೆ ಸುದ್ದಿ. ಹೇಳದಿದ್ದರೆ ಪಗಾರಕ್ಕೆ ಕತ್ತರಿ. ಅಂಗಡಿಕಾರ ಮಿತ್ರರೂ ಕೇಳಬೇಕು: ಸುದ್ದಿ ತಿಳಿದ ಮರುದಿನ ಆ ಮನೆಯವರ ಕೈಯಿಂದ ದುಡ್ಡು ತೆಗೆದುಕೊಳ್ಳಲು ಹಿಂಜರಿದವರನ್ನು ನಾವು ಕಂಡಿದ್ದೇವೆ. ದುಡ್ಡಿನಿಂದ, ಮುಟ್ಟುವುದರಿಂದ, ಒಟ್ಟಿಗೆ ಉಣ್ಣುವುದರಿಂದ ಈ ಸೋಂಕು ಬರುವುದಿಲ್ಲ.

2017ರಲ್ಲಿ ಆದ ಕಾಯಿದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿದೆಯೆಂದು ಶಾಲೆಯಿಂದಾಗಲಿ ಕೆಲಸದಿಂದಾಗಲಿ ಅನ್ಯಾಯವಾಗಿ ಹೊರಗಿಡುವಂತಿಲ್ಲ. ಒಪ್ಪಿಗೆಯಿಲ್ಲದೆ ಗುಟ್ಟು ಬಯಲು ಮಾಡುವಂತಿಲ್ಲ. ಅದರಲ್ಲಿ ಇನ್ನೊಂದು ಮಾತಿದೆ: ಮನೆ ನಡೆಸುತ್ತಿರುವ, ತಿಳಿವಳಿಕೆಯುಳ್ಳ 12 ವರ್ಷ ದಾಟಿದ ಮಗುವೇ ತನ್ನ ತಮ್ಮತಂಗಿಯರ ಚಿಕಿತ್ಸೆಗೆ, ಶಾಲೆಗೆ ಪೋಷಕನಾಗಬಹುದು. ದೊಡ್ಡವರೇ ಉಳಿಯದ ಮನೆಗಳಿವೆಯೆಂದು ಕಾಯಿದೆ ಬರೆದವರಿಗೂ ಗೊತ್ತಿತ್ತು.

ಇನ್ನು ಸರಕಾರದ ಮಾತು. ತಪ್ಪದೆ ನುಂಗಿರೆಂದು ಉಪದೇಶಿಸುವವರೇ 2022ರಲ್ಲಿ ಗುಳಿಗೆಯ ದಾಸ್ತಾನು ತಪ್ಪಿಸಿದರು. ಸೋಂಕಿತರು ದಿಲ್ಲಿಯಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಕಚೇರಿಯೆದುರು ವಾರಗಟ್ಟಲೆ ಧರಣಿ ಕೂರಬೇಕಾಯಿತು.

ನಾವು ಕೇಳುವುದು ಇಷ್ಟು. ನೆಟ್ಟಗಿರುವ ಮಕ್ಕಳಿಗೆ ಮೂರು ತಿಂಗಳ ಗುಳಿಗೆ ಒಮ್ಮೆಲೇ ಕೊಡಲಿ. ಶಾಲೆಗೆ ರಜೆಯಿರುವ ದಿನ ಕೇಂದ್ರ ತೆರೆದಿರಲಿ. ವಿದ್ಯಾರ್ಥಿನಿಲಯದ ಪ್ರತಿ ಮಗುವಿಗೂ ಬೀಗ ಹಾಕುವ ಕಪಾಟು ಬೇಕು. ಎಲ್ಲರಿಗೂ ಕೊಟ್ಟರೆ ಯಾರದೆಂದು ಯಾರೂ ಕೇಳುವುದಿಲ್ಲ. ಗಿರಣಿಗಳಲ್ಲಿ ತಿಂಗಳಿಗೆ ಅರ್ಧ ದಿನ, ಕಾರಣ ಕೇಳದ, ಪಗಾರ ಹಿಡಿಯದ ರಜೆ ಬೇಕು. ಇದನ್ನು ಈ ಸಲದ ಬೇಡಿಕೆ ಪಟ್ಟಿಯಲ್ಲಿ ಸೇರಿಸಿರೆಂದು ಸಂಘದ ಸಂಗಾತಿಗಳನ್ನು ಕೇಳಿಕೊಳ್ಳುತ್ತೇವೆ. ಸಂಶಯವಿದ್ದವರು 1097ಕ್ಕೆ ಫೋನು ಮಾಡಬಹುದು, ಅದಕ್ಕೆ ಕಾಸಿಲ್ಲ.

ಅರ್ಜಿಯ ಕಾಗದ ವೇದಿಕೆಯ ಪಕ್ಕದಲ್ಲಿದೆ. ಸಹಿ ಹಾಕುವವರು ಹಾಕಿ ಹೋಗಬಹುದು. ಯಾವ ಮಗುವಿನ ಹೆಸರನ್ನೂ ಅದರಲ್ಲಿ ಬರೆದಿಲ್ಲ. ಯಾರೆಂದು ನಮ್ಮನ್ನು ಕೇಳಲೂ ಬೇಡಿ.