ಪರೀಕ್ಷೆಗೆ ಮುನ್ನ ಪರದೆಯ ಪಾಠ

ಸೆಮಿಸ್ಟರ್ ಕೊನೆಯಲ್ಲಿ ಆನ್‌ಲೈನ್ ರಿವಿಷನ್ ತರಗತಿ ನಡೆಸುವ ಅಧ್ಯಾಪಕರಿಂದ ಬರುವ ಪತ್ರಗಳ ಅಳಲೆಲ್ಲ ಒಂದೇ: ವಿದ್ಯಾರ್ಥಿಗಳು ಹಾಜರಿರುತ್ತಾರೆ, ಆದರೆ ಕ್ಯಾಮೆರಾ ಆಫ್, ಮೈಕ್ ಮ್ಯೂಟ್, ಮಾಡುವುದೇನು? ಕ್ಯಾಮೆರಾ ಹಾಕಿಸಿದರೆ ಗಮನ ತಾನಾಗಿ ಬರುವುದೆಂಬ ನಂಬಿಕೆಯನ್ನು ಮೊದಲು ದಯವಿಟ್ಟು ಬಿಟ್ಟುಬಿಡಿ. ಮನೆಮಂದಿಯೆಲ್ಲ ಓಡಾಡುವ ನಡುಮನೆಯಲ್ಲಿ, ದಿನದ ಡೇಟಾ ಮುಗಿದೀತೆಂಬ ಆತಂಕದಲ್ಲಿ ಪಾಠ ಕೇಳುವ ಹುಡುಗಿಯ ಮುಖ ಕಂಡ ಮಾತ್ರಕ್ಕೆ ಆಕೆಯ ಮನಸ್ಸು ಕಂಡಂತಾಗದು.

ಹಳೆಯ ಸ್ಲೈಡುಗಳನ್ನೇ ಮತ್ತೊಮ್ಮೆ ಓದಿಹೇಳಿದರೆ ಪುನರ್ಮನನವಾಗುವುದಿಲ್ಲ. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷಗಳ ಬಳಿಕ ಮುಂದಿದ್ದರಾದರೂ, ವಾರ ಕಳೆದಾಗ, ಪಾಠವನ್ನು ಬದಿಗಿರಿಸಿ ನೆನಪಿನಿಂದ ಬರೆದವರೇ ಅವರನ್ನು ಹಿಂದಿಕ್ಕಿದ್ದರು. ಮರೆತಂತಿರುವುದನ್ನು ತಡಕಾಡಿ ಹೊರತೆಗೆಯುವ ಆ ಶ್ರಮವೇ ಸ್ಮೃತಿಯನ್ನು ದೃಢಪಡಿಸುವುದು. ಆದ್ದರಿಂದ ಹೇಳುತ್ತೇನೆ: ಹೇಳಿಕೊಡುವುದಕ್ಕೆ ಮುನ್ನ ಕೇಳಿ, ಕೇಳಿದ ಮೇಲೆ ಕಾಯಿರಿ.

"ಅರ್ಥವಾಯಿತೇ?" ಎಂದು ಮಾತ್ರ ಕೇಳಬೇಡಿ, ಅದಕ್ಕೆ "ಹೌದು ಸರ್" ಎಂಬ ಉತ್ತರ ಎಂದೋ ಸಿದ್ಧವಾಗಿದೆ. ಭೌತಶಾಸ್ತ್ರವಾದರೆ ಹೀಗೆ ಕೇಳಿ: ನೇರ ಮೇಲಕ್ಕೆಸೆದ ಚೆಂಡು ತುತ್ತತುದಿ ಮುಟ್ಟಿದ ಕ್ಷಣದಲ್ಲಿ ಅದರ ವೇಗೋತ್ಕರ್ಷವೆಷ್ಟು? ಎಲ್ಲರೂ ಚಾಟ್‌ನಲ್ಲಿ ಉತ್ತರ ಬರೆಯಲಿ. ನೀವು ಹೇಳುವವರೆಗೆ ಯಾರೂ ಕಳುಹಿಸಕೂಡದು. ಜಾಣನೊಬ್ಬನ ಉತ್ತರ ಮೊದಲು ಬಿದ್ದೊಡನೆ ಉಳಿದವರೆಲ್ಲ ಅದನ್ನೇ ನಕಲಿಸಿದ ತರಗತಿಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಒಮ್ಮೆಗೇ ಕಳುಹಿಸಿದಾಗ "ಸೊನ್ನೆ" ಎಂದವರು ಎಷ್ಟು ಮಂದಿಯೆಂಬುದು ಕಣ್ಣಿಗೆ ಬೀಳುತ್ತದೆ. ಸೊನ್ನೆಯಾದದ್ದು ವೇಗ, ಸೆಕೆಂಡಿಗೆ ಸೆಕೆಂಡಿಗೆ 9.8 ಮೀಟರಿನ ಗುರುತ್ವ ವೇಗೋತ್ಕರ್ಷ ಅಲ್ಲಿಯೂ ಕೆಳಮುಖವಾಗಿ ಇದ್ದೇ ಇದೆ. ಆದರೆ ಇದನ್ನು ಥಟ್ಟನೆ ಹೇಳಿಬಿಡಬೇಡಿ! ಹಾರ್ವರ್ಡಿನ ಭೌತವಿಜ್ಞಾನಿ ಎರಿಕ್ ಮಜೂರ್ 1990ರ ದಶಕದಲ್ಲಿ ರೂಢಿಗೆ ತಂದ ಕ್ರಮದಂತೆ, ವಿದ್ಯಾರ್ಥಿಗಳು ಸಣ್ಣ ಗುಂಪುಗಳಲ್ಲಿ ವಾದಿಸಿ ಮರಳಿ ಉತ್ತರಿಸಲಿ. ನಿಮ್ಮ ವಿವರಣೆ ಅನಂತರ ಬರಲಿ.

ಕಾಯಿರಿ ಎಂದೆನಷ್ಟೆ. ಪ್ರಶ್ನೆ ಕೇಳಿದ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡೂ ತಾಳುವುದಿಲ್ಲವೆಂದೂ, ಮೂರು ಸೆಕೆಂಡು ತಾಳಿದರೆ ಉತ್ತರಗಳು ದೀರ್ಘವೂ ವಿಚಾರಪೂರ್ಣವೂ ಆಗುವುವೆಂದೂ ಮೇರಿ ಬಡ್ ರೋ ಎಂಬ ವಿದುಷಿ ತೋರಿಸಿಕೊಟ್ಟಿದ್ದಾರೆ. ನೆಟ್‌ವರ್ಕ್ ತಡವರಿಸುವಲ್ಲಿ, ಬೆರಳಿನಿಂದ ಟೈಪು ಮಾಡಬೇಕಾದಲ್ಲಿ ಮೂರು ಸಾಲದು, ಮೂವತ್ತಾದರೂ ಇರಲಿ. ಆ ಮೌನಕ್ಕೆ ಅಂಜಿ ಅಧ್ಯಾಪಕರೇ ಉತ್ತರ ಹೇಳಿಬಿಡುವುದರಿಂದಲೇ ವಿದ್ಯಾರ್ಥಿಗಳು ಸುಮ್ಮನಿರಲು ಕಲಿಯುತ್ತಾರೆ.

ಕಾಲ ಮುಗಿಯುತ್ತ ಬಂದಿತು; ಉಳಿದದ್ದು ಸಂಕ್ಷೇಪವಾಗಿ. ಗಂಟೆಗೆ ನಾಲ್ಕೈದು ಪ್ರಶ್ನೆ ಸಾಕು. ಸಿಲಬಸ್ಸನ್ನೆಲ್ಲ ಮುಗಿಸುವ ಹಟ ಬೇಡ. ತಪ್ಪು ಬರೆದವರನ್ನು ಹೆಸರು ಹಿಡಿದು ಹಂಗಿಸಬೇಡಿ. ಸಿಗ್ನಲ್ ಸಿಗದವರಿಗಾಗಿ ಪ್ರಶ್ನೆಗಳನ್ನು ವಾಟ್ಸಾಪಿನಲ್ಲಿ ಕಳುಹಿಸಿ. ಉತ್ತರಗಳನ್ನು ಮಾತ್ರ ಮರುದಿನ.