ಓದು, ದುಡಿಮೆ, ಹವ್ಯಾಸ: ಬೇರೆ ಬಗೆಯ ಮನಸ್ಸಿನ ದಿನಚರಿ



ಪರೀಕ್ಷೆ ಹತ್ತಿರ ಬಂತೆಂದರೆ ಮನೆಯಲ್ಲಿ ಮೊದಲ ಕತ್ತರಿ ಬೀಳುವುದು ಯಾವುದಕ್ಕೆ? ನಿಮಗೇ ಗೊತ್ತು. ಚಿತ್ರ ಬಿಡಿಸುವ ಪುಸ್ತಕ ಅಟ್ಟ ಸೇರುತ್ತದೆ. ಕೊಳಲು ಚೀಲ ಸೇರುತ್ತದೆ. ಹಳೆಯ ರೇಡಿಯೋ ಬಿಚ್ಚಿ ಜೋಡಿಸುತ್ತಿದ್ದ ಸ್ಕ್ರೂಡ್ರೈವರ್ ಅಪ್ಪನ ಬೀರು ಸೇರುತ್ತದೆ. ಮೊದಲು ಓದು, ಆಮೇಲೆ ಹವ್ಯಾಸ ಎಂಬುದು ನಮ್ಮ ಮನೆಗಳ ಹಳೆಯ ಸೂತ್ರ. ಅನೇಕರಿಗೆ ಅದು ಒಗ್ಗುತ್ತದೆ ಕೂಡ. ಆದರೆ ಎಲ್ಲರ ಮೆದುಳನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಿಲ್ಲ. ಕೆಲವರ ಕೈಯಿಂದ ಹವ್ಯಾಸವನ್ನು ಕಿತ್ತುಕೊಂಡರೆ ಅದರ ಜೊತೆಗೆ ಓದೂ ಹೊರಟುಹೋಗುತ್ತದೆ. ಅಂಥ ಒಬ್ಬ ಸಂಶೋಧನಾ ವಿದ್ಯಾರ್ಥಿನಿಯ ಬದುಕನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಅದಕ್ಕೆ ಮೊದಲು ಒಂದು ಶಬ್ದದ ಪರಿಚಯ. ಆಟಿಸಂ, ಎ.ಡಿ.ಎಚ್.ಡಿ., ಡಿಸ್ಲೆಕ್ಸಿಯಾ ಮುಂತಾದ ಹೆಸರುಗಳನ್ನು ನೀವು ಕೇಳಿರಬಹುದು. ಇಂಥವರನ್ನು ಒಟ್ಟಾಗಿ ಇಂದು 'ನ್ಯೂರೋಡೈವರ್ಜೆಂಟ್' ಎನ್ನುತ್ತಾರೆ. ಅಂದರೆ ನೋಡುವ, ಕೇಳುವ, ಗಮನ ಕೊಡುವ, ಕಲಿಯುವ ರೀತಿ ಬಹುಪಾಲು ಜನರಿಗಿಂತ ಭಿನ್ನವಾಗಿರುವವರು. ಇದು ಬಂದು ಹೋಗುವ ಜ್ವರವಲ್ಲ. ಸೋಮಾರಿತನವೂ ಅಲ್ಲ. ಇವರಲ್ಲಿ ಕೆಲವರಿಗೆ ಜೀವನವಿಡೀ ಇನ್ನೊಬ್ಬರ ಆಸರೆ ಬೇಕಾಗುತ್ತದೆ, ಇನ್ನು ಕೆಲವರು ವಿಶ್ವವಿದ್ಯಾನಿಲಯದ ಅತ್ಯುನ್ನತ ಪದವಿಯವರೆಗೂ ಹೋಗುತ್ತಾರೆ.

ಟೆಂಪಲ್ ಗ್ರ್ಯಾಂಡಿನ್ ಹುಟ್ಟಿದ್ದು 1947ರಲ್ಲಿ, ಅಮೆರಿಕದ ಬಾಸ್ಟನ್ ನಗರದಲ್ಲಿ. ಮೂರೂವರೆ ವರ್ಷದವರೆಗೆ ಈ ಮಗು ಮಾತಾಡಲಿಲ್ಲ. ಅಂಥ ಮಕ್ಕಳನ್ನು ಮನೆಯಿಂದ ದೂರವಿಟ್ಟು ಯಾವುದಾದರೂ ಸಂಸ್ಥೆಗೆ ಸೇರಿಸುವ ಕಾಲ ಅದು. ತಾಯಿ ಮಾತ್ರ ಅದಕ್ಕೆ ಒಪ್ಪದೆ ಮಾತಿನ ತರಬೇತಿ ಕೊಡಿಸಿದರು. ಹುಡುಗಿಗೆ ಮಾತು ಬಂತು, ಆದರೆ ಕಷ್ಟ ತಪ್ಪಲಿಲ್ಲ. ಶಾಲೆಯ ಗಂಟೆ ಹೊಡೆದರೆ ಹಲ್ಲಿನ ವೈದ್ಯರ ಡ್ರಿಲ್ ನರಕ್ಕೆ ತಾಗಿದಂತೆ ನೋವು. ಒರಟು ಬಟ್ಟೆ ಮೈಗೆ ತಾಗಿದರೆ ತಡೆಯಲಾರದ ಕಿರಿಕಿರಿ. ಯಾರಾದರೂ ತಬ್ಬಿಕೊಂಡರೆ ಉಸಿರು ಕಟ್ಟಿದ ಹಾಗೆ. ಸಹಪಾಠಿಗಳ ಗೇಲಿಯಂತೂ ದಿನವೂ ಇದ್ದದ್ದೇ. ಒಮ್ಮೆ ಗೇಲಿ ಮಾಡಿದವಳತ್ತ ಪುಸ್ತಕ ಎಸೆದದ್ದಕ್ಕೆ ಆ ಶಾಲೆಯನ್ನೇ ಬಿಡಬೇಕಾಯಿತು.

ಹಾಗಾದರೆ ಈ ಹುಡುಗಿಯನ್ನು ಉಳಿಸಿದ್ದು ಏನು? ಮೊದಲನೆಯದು ಕೈಕೆಲಸ. ಗಾಳಿಪಟ, ಹೊಲಿಗೆ, ಮರಗೆಲಸ, ಮುಂದೆ ವಸತಿ ಶಾಲೆಯಲ್ಲಿ ಕುದುರೆಗಳ ಆರೈಕೆ. ಆ ಶಾಲೆಯಲ್ಲಿ ಕೆಲವು ವರ್ಷ ಪುಸ್ತಕಕ್ಕಿಂತ ಕುದುರೆ ಲಾಯದಲ್ಲೇ ಅವಳ ಹೊತ್ತು ಕಳೆಯುತ್ತಿತ್ತು. ಎರಡನೆಯದು, ಒಬ್ಬ ಮೇಷ್ಟ್ರು.

ನಮ್ಮ ಪಶುವೈದ್ಯ ಆಸ್ಪತ್ರೆಗಳ ಅಂಗಳದಲ್ಲಿ ದನವನ್ನು ಅಲುಗದಂತೆ ನಿಲ್ಲಿಸಲು ಕಬ್ಬಿಣದ ಕೊಳವೆಗಳ ಒಂದು ಚೌಕಟ್ಟು ಇರುತ್ತದಲ್ಲ, ನೋಡಿದ್ದೀರಾ? ಅರಿಜೋನಾದಲ್ಲಿ ಚಿಕ್ಕಮ್ಮನ ಜಾನುವಾರು ತೋಟಕ್ಕೆ ಹೋದಾಗ ಟೆಂಪಲ್ ಅಂಥದೇ ಒಂದು ಸಾಧನವನ್ನು ಕಂಡಳು. ಅದರ ಎರಡು ಬದಿಗಳು ದನದ ಪಕ್ಕೆಗಳನ್ನು ಮೆಲ್ಲಗೆ ಒತ್ತಿ ಹಿಡಿಯುತ್ತಿದ್ದವು. ಬೆದರಿದ್ದ ಕೆಲವು ದನಗಳು ಆ ಒತ್ತಡಕ್ಕೆ ಶಾಂತವಾಗುತ್ತಿದ್ದವು. ತನಗೂ ಹಾಗೆಯೇ ಆಗಬಹುದೇ ಎಂದು ಯೋಚಿಸಿ, 18ನೆಯ ವಯಸ್ಸಿನಲ್ಲಿ ಮರದ ಹಲಗೆಗಳಿಂದ ತನ್ನ ಅಳತೆಗೆ ಒಂದು ಒತ್ತುಯಂತ್ರ ಕಟ್ಟಿಕೊಂಡಳು. ಒತ್ತಡ ಎಷ್ಟಿರಬೇಕೆಂಬ ಹಿಡಿತ ಅವಳ ಕೈಯಲ್ಲೇ ಇತ್ತು. ಅದರೊಳಗೆ ಸ್ವಲ್ಪ ಹೊತ್ತು ಇದ್ದು ಬಂದರೆ ಎದೆಯ ದಿಗಿಲು ಇಳಿಯುತ್ತಿತ್ತು.

ಶಾಲೆಯ ಮನಶ್ಶಾಸ್ತ್ರಜ್ಞರಿಗೆ ಈ ಯಂತ್ರ ಹಿಡಿಸಲಿಲ್ಲ. ಅದನ್ನು ಬಿಡಿಸಲು ನೋಡಿದರು. ವಿಜ್ಞಾನದ ಅಧ್ಯಾಪಕ ವಿಲಿಯಂ ಕಾರ್‌ಲಾಕ್ ಬೇರೆ ದಾರಿ ಹಿಡಿದರು. ಈ ಒತ್ತಡದಿಂದ ಮನಸ್ಸು ಏಕೆ ಶಾಂತವಾಗುತ್ತದೆ ಎಂಬುದನ್ನು ವಿಜ್ಞಾನದ ರೀತಿಯಲ್ಲಿ ಹುಡುಕು ಎಂದರು. ಸಂಶೋಧನಾ ಪತ್ರಿಕೆಗಳನ್ನು ಹುಡುಕಿ ಓದುವುದನ್ನು ಹೇಳಿಕೊಟ್ಟರು. ಓದಿನ ಗೊಡವೆ ಬೇಡವೆಂದಿದ್ದ ಹುಡುಗಿ ಗ್ರಂಥಾಲಯ ಹೊಕ್ಕಳು. ಕಾಲೇಜಿನಲ್ಲಿ ಸಹಪಾಠಿಗಳನ್ನೇ ಆ ಯಂತ್ರದಲ್ಲಿ ಕೂರಿಸಿ ಪ್ರಯೋಗ ಮಾಡಿದಳು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹಾಯೆನಿಸುತ್ತದೆ ಎಂದರು. ಗಮನಿಸಿ, ಮೇಷ್ಟ್ರು ಹವ್ಯಾಸವನ್ನು ಕಸಿದುಕೊಂಡು ಕೈಗೆ ಓದನ್ನು ಕೊಡಲಿಲ್ಲ. ಹವ್ಯಾಸದ ಬಾಗಿಲಿನಿಂದಲೇ ಓದಿನ ಒಳಗೆ ಕರೆದೊಯ್ದರು.

ಗ್ರ್ಯಾಂಡಿನ್ ಅವರ ಯೋಚನೆ ಶಬ್ದಗಳಲ್ಲಿ ಅಲ್ಲ, ಚಿತ್ರಗಳಲ್ಲಿ ಸಾಗುತ್ತದೆ. ಟಿವಿಯಲ್ಲಿ ಕೆಲಸ ಮಾಡುವ ನಮಗೆ ಇದು ಬೇಗ ಅರ್ಥವಾಗುತ್ತದೆ. ಸಂಕಲನದ ಮೇಜಿನ ಮುಂದೆ ದೃಶ್ಯಗಳನ್ನು ಹಿಂದೆ ಮುಂದೆ ಓಡಿಸಿ ನೋಡುತ್ತೇವಲ್ಲ, ಅವರು ಮನಸ್ಸಿನೊಳಗೆ ಅದನ್ನೇ ಮಾಡುತ್ತಾರೆ. ಬೀಜಗಣಿತ ಅವರಿಗೆ ತೀರ ಕಷ್ಟ. ಆದರೆ ಒಂದು ಯಂತ್ರವನ್ನು ಕಟ್ಟುವ ಮೊದಲೇ ತಲೆಯೊಳಗೆ ಓಡಿಸಿ ಪರೀಕ್ಷಿಸಬಲ್ಲರು.

ಅರಿಜೋನಾದಲ್ಲಿ ಸ್ನಾತಕೋತ್ತರ ಪದವಿಗೆ ಓದುವಾಗ ಅವರು ದನಗಳ ಓಣಿಗಳೊಳಗೆ ತಾವೇ ಇಳಿದು, ದನದ ಕಣ್ಣಿನ ಎತ್ತರದಿಂದ ಛಾಯಾಚಿತ್ರ ತೆಗೆದರು. ದನಗಳಿಗೆ ಬಣ್ಣ ಕಾಣದೆಂದು ಆಗ ನಂಬಲಾಗಿತ್ತು. ಹಾಗಾಗಿ ಕಪ್ಪು ಬಿಳುಪು ಫಿಲ್ಮನ್ನೇ ಬಳಸಿದರು. ನೇತಾಡುವ ಒಂದು ಸರಪಳಿ, ನೆಲದ ಮೇಲಿನ ಒಂದು ನೆರಳು, ಬೇಲಿಗೆ ತೂಗುಹಾಕಿದ ಒಂದು ಕೋಟು, ಇಷ್ಟಕ್ಕೇ ದನಗಳು ಬೆದರಿ ನಿಲ್ಲುತ್ತವೆ ಎಂದು ಗೊತ್ತಾಯಿತು. ಪುಟ್ಟ ಪುಟ್ಟ ವಿವರಗಳು ಮನಸ್ಸನ್ನು ಕಾಡುವ ಸ್ವಭಾವ ತರಗತಿಯಲ್ಲಿ ತೊಡಕಾಗಿತ್ತು. ದನದ ದೊಡ್ಡಿಯಲ್ಲಿ ಅದೇ ಬಂಡವಾಳವಾಯಿತು. 1975ರಲ್ಲಿ ಆ ಪದವಿ ಬಂತು. ಜೊತೆಗೆ ಕೃಷಿ ಪತ್ರಿಕೆಯೊಂದಕ್ಕೆ ಬರವಣಿಗೆ, ಜಾನುವಾರು ದೊಡ್ಡಿಗಳ ವಿನ್ಯಾಸದ ಸ್ವಂತ ಉದ್ಯೋಗವೂ ಆರಂಭವಾದವು.

1980ರ ದಶಕದಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಸಂಶೋಧನೆ. ಒಂದು ಕಡೆ ಪ್ರಯೋಗಾಲಯ, ಇನ್ನೊಂದು ಕಡೆ ಜೀವನೋಪಾಯದ ವಿನ್ಯಾಸ ಕೆಲಸ, ಇವೆರಡರ ನಡುವೆ 1986ರಲ್ಲಿ ಪ್ರಕಟವಾದ ಆತ್ಮಕಥನ. ಈ ಹೊರೆಯನ್ನು ಹೇಗೆ ಹೊತ್ತರು? ಬರೀ ಛಲದಿಂದ ಎಂದರೆ ತಪ್ಪಾಗುತ್ತದೆ. ಮೈಗೆ ಒಗ್ಗಿದ ಮೆತ್ತನೆಯ ಬಟ್ಟೆ, ದಿಗಿಲು ಹೆಚ್ಚಿದಾಗ ಒತ್ತುಯಂತ್ರ, ವೈದ್ಯರು ಕೊಟ್ಟ ಅಲ್ಪ ಪ್ರಮಾಣದ ಔಷಧಿ, ಇವೆಲ್ಲ ಆ ದಿನಚರಿಯ ಭಾಗವಾಗಿದ್ದವು. ಔಷಧಿಯ ವಿಷಯವನ್ನು ಅವರು ಮುಚ್ಚಿಡದೆ ಬರೆದಿದ್ದಾರೆ.

ಅವರ ಸಂಶೋಧನೆಯ ವಿಷಯ ಹಂದಿಮರಿಗಳು. ಕೆಲವು ಮರಿಗಳಿಗೆ ಹುಲ್ಲು, ಆಟದ ವಸ್ತುಗಳು, ಮನುಷ್ಯರ ಒಡನಾಟ. ಉಳಿದವು ಏನೂ ಇಲ್ಲದ ಬರಿಯ ದೊಡ್ಡಿಯಲ್ಲಿ. ಆಟವಾಡಿದ ಮರಿಗಳ ಮೆದುಳಿನಲ್ಲಿ ನರಕೋಶದ ಕವಲುಗಳು ಹೆಚ್ಚು ಬೆಳೆದಿರುತ್ತವೆ ಎಂಬುದು ನಿರೀಕ್ಷೆ. ಫಲಿತಾಂಶ ತಿರುಗುಮುರುಗು! ಮೂತಿಯ ಸ್ಪರ್ಶಕ್ಕೆ ಸಂಬಂಧಿಸಿದ ಭಾಗದಲ್ಲಿ ಬರಿಯ ದೊಡ್ಡಿಯ ಮರಿಗಳಿಗೇ ಹೆಚ್ಚು ಕವಲುಗಳಿದ್ದವು. ಟಿವಿ ಕ್ಯಾಮೆರಾ ಇಟ್ಟು ನೋಡಿದಾಗ ಗುಟ್ಟು ಬಯಲಾಯಿತು. ಮಾಡಲು ಏನೂ ಇಲ್ಲದ ಆ ಮರಿಗಳು ನೆಲವನ್ನೂ ಒಂದನ್ನೊಂದು ಮೂತಿಯಿಂದ ತಿವಿಯುತ್ತ ಹೊತ್ತು ಕಳೆಯುತ್ತಿದ್ದವು. ಮೆದುಳಿನ ಬೆಳವಣಿಗೆಯೆಲ್ಲ ಒಳ್ಳೆಯ ಬದುಕಿನ ಗುರುತಲ್ಲ ಎಂಬುದು ಇದರಿಂದ ತಿಳಿದ ವಿಷಯ. ಹಂದಿಮರಿಯಿಂದ ಮನುಷ್ಯನಿಗೆ ನೇರ ಲೆಕ್ಕ ಹಾಕಬಾರದು, ನಿಜ. ಆದರೂ ಎಲ್ಲವನ್ನೂ ಕಿತ್ತುಕೊಂಡು ಖಾಲಿ ಕೋಣೆಯಲ್ಲಿ ಕೂರಿಸಿದರೆ ಗಮನವೆಲ್ಲ ಪುಸ್ತಕದ ಮೇಲೆ ಬಂದೀತು ಎನ್ನುವ ಹಿರಿಯರು ಈ ಕ್ಯಾಮೆರಾದ ದೃಶ್ಯವನ್ನು ಒಮ್ಮೆ ನೆನೆಯಬಹುದು.

1989ರಲ್ಲಿ ಡಾಕ್ಟರೇಟ್. 1990ರಿಂದ ಕೊಲರಾಡೋ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪನ. ಅವರ ಬದುಕಿನ ಬಗ್ಗೆ 2010ರಲ್ಲಿ ಒಂದು ಟಿವಿ ಚಿತ್ರವೂ ಬಂತು. ಹಾಗೆಂದು ಕಷ್ಟಗಳೆಲ್ಲ ಕರಗಿಹೋದವು ಎಂದುಕೊಳ್ಳಬೇಡಿ. ಜನರ ಮುಖಭಾವ, ಮಾತಿನ ಒಳಾರ್ಥ, ಇವನ್ನು ಅವರು ಪಾಠದಂತೆ ಒಂದೊಂದಾಗಿ ಕಲಿಯಬೇಕಾಯಿತು. ಇನ್ನೂ ಒಂದು ಮಾತು: ಆಟಿಸಂ ಇರುವವರೆಲ್ಲ ಪ್ರತಿಭಾವಂತರಾಗಲೇಬೇಕೆಂಬ ನಿಯಮವಿಲ್ಲ. ಪದವಿ, ಪ್ರಶಸ್ತಿ ತಂದುಕೊಟ್ಟರಷ್ಟೇ ಅಂಥವರಿಗೆ ಗೌರವ ಎಂಬುದು ನ್ಯಾಯವೂ ಅಲ್ಲ.

ಇನ್ನು ನಿಮ್ಮ ವಿಷಯ. ಟ್ಯೂಬ್‌ಲೈಟಿನ ಗುಂಯ್ ಶಬ್ದಕ್ಕೆ ನಿಮ್ಮ ಪಾಠ ತಪ್ಪಿಹೋಗುತ್ತಿದ್ದರೆ, ಅಕ್ಷರಗಳು ಕಣ್ಣಮುಂದೆ ಜಾರುತ್ತಿದ್ದರೆ, ಹತ್ತು ನಿಮಿಷ ಕೂರುವುದೂ ಶಿಕ್ಷೆಯಾಗಿದ್ದರೆ, ನಾನು ದಡ್ಡ ಎಂಬ ತೀರ್ಪನ್ನು ನಿಮಗೆ ನೀವೇ ಕೊಟ್ಟುಕೊಳ್ಳಬೇಡಿ. ನಂಬಿಕೆಯ ಒಬ್ಬ ಮೇಷ್ಟ್ರಿಗೋ ಮೇಡಂಗೋ ಹೇಳಿ. ಅಗತ್ಯವಾದರೆ ತಜ್ಞರನ್ನು ಕಾಣಿ. ನಮ್ಮ ದೇಶದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆಗಳನ್ನೂ ಪಟ್ಟಿಗೆ ಸೇರಿಸಿದೆ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವವರ ನೆರವು ಮುಂತಾದವಕ್ಕೆ ಅದರಲ್ಲಿ ಅವಕಾಶವಿದೆ. ಅರ್ಹರಿದ್ದು ಅದನ್ನು ಕೇಳಿ ಪಡೆಯುವುದರಲ್ಲಿ ನಾಚಿಕೆಯೇನೂ ಇಲ್ಲ.

ನಿಮಗೆ ಇಂಥ ತೊಂದರೆ ಇಲ್ಲವೇ? ಹಾಗಿದ್ದರೆ ನಿಮ್ಮ ತರಗತಿಯಲ್ಲಿ ಯಾರಿಗಿದೆ ಎಂದು ನೋಡಿ. ಗೇಲಿ ನಿಲ್ಲಿಸುವುದಕ್ಕೆ ಖರ್ಚಿಲ್ಲ.

ಕೊನೆಯದಾಗಿ ಒಂದು ಸಣ್ಣ ಕೆಲಸ. ಒಂದು ವಾರ, ಪ್ರತಿದಿನ ಯಾವ ಹೊತ್ತಿನಲ್ಲಿ ಓದು ತಲೆಗೆ ಹತ್ತಿತು, ಅದಕ್ಕೆ ಮುಂಚೆ ಏನು ಮಾಡುತ್ತಿದ್ದಿರಿ ಎಂದು ಹಾಳೆಯೊಂದರಲ್ಲಿ ಬರೆದಿಡಿ. ಅರ್ಧ ಗಂಟೆ ತಬಲಾ ನುಡಿಸಿದ ಮೇಲೋ, ಗಿಡಗಳಿಗೆ ನೀರು ಹಾಕಿದ ಮೇಲೋ ಓದು ಸಲೀಸಾಗಿದ್ದರೆ ಆ ಅರ್ಧ ಗಂಟೆಯನ್ನೂ ವೇಳಾಪಟ್ಟಿಗೆ ಸೇರಿಸಿ. ಮನೆಯವರು ಬೇಡವೆಂದರೆ ಹಾಳೆಯನ್ನು ಅವರ ಮುಂದಿಡಿ. ವಾದಕ್ಕಿಂತ ದಾಖಲೆ ಮೇಲು. ಇದು ವಿಜ್ಞಾನ ಓದಿದವರೆಲ್ಲ ಒಪ್ಪುವ ಮಾತು.