ಕಡಲ ತಳದ ಒಬ್ಬ ಗೃಹಸ್ಥ
(ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಮೀನೆಂದರೆ ನಮಗೆ ಬಂಗಡೆ, ಬೂತಾಯಿ, ಪಾಪ್ಲೇಟು ಇವೇ ನೆನಪಾಗುವುವು. ನಾನಿಂದು ಹೇಳಹೊರಟಿರುವುದು ಪೇಟೆಗೆ ಬಾರದ ಒಂದು ಸಣ್ಣ ಮೀನಿನ ವಿಷಯ. ಇಂಗ್ಲಿಷಿನಲ್ಲಿ ಇದರ ಕುಲಕ್ಕೆ ಜಾಫಿಷ್ ಎನ್ನುತ್ತಾರೆ. ನಾವು ದವಡೆಮೀನು ಎನ್ನೋಣ. ಇವುಗಳಲ್ಲಿ ಹಳದಿ ತಲೆಯ ಜಾತಿಯೊಂದು ಫ್ಲಾರಿಡಾ, ಬಹಾಮಾ, ಕೆರಿಬಿಯನ್ ದ್ವೀಪಗಳ ಸುತ್ತಿನ ಕಡಲಿನದು. ಜಾರ್ಡನ್ ಮತ್ತು ಥಾಂಪ್ಸನ್ ಎಂಬ ವಿದ್ವಾಂಸರು 1905ರಲ್ಲಿ ಇದಕ್ಕೆ ‘ಆರಿಫ್ರಾನ್ಸ್’ ಎಂದು ಹೆಸರಿಟ್ಟರು. ಹೊನ್ನಿನ ಹಣೆ ಎಂದು ಅರ್ಥ. ಉದ್ದ ಸುಮಾರು 10 ಸೆಂಟಿಮೀಟರು. ತಲೆ ಹಳದಿ, ಮೈ ನಸುನೀಲಿ.

ಆದರೆ ಬಣ್ಣವನ್ನು ನಂಬುವಂತಿಲ್ಲ. ಸತ್ತ ಮೀನನ್ನು ಸೀಸೆಯಲ್ಲಿ ಮದ್ಯಸಾರದೊಳಗೆ ಇಟ್ಟರೆ ಹೊನ್ನೂ ಇಲ್ಲ, ನೀಲಿಯೂ ಇಲ್ಲ. ಆಗ ಅಂಗಗಳನ್ನೇ ನೋಡಬೇಕು. ದವಡೆಮೀನಿಗೆ ತಲೆ ದಪ್ಪ, ಕಣ್ಣು ದೊಡ್ಡದು, ಬಾಯಿ ಬಲು ದೊಡ್ಡದು, ಮೈ ಬಾಲದ ಕಡೆಗೆ ಸಣ್ಣಗಾಗುತ್ತದೆ. ಬೆನ್ನಿನ ಮೇಲೆ ಉದ್ದಕ್ಕೂ ಒಂದೇ ರೆಕ್ಕೆ. ಮೀನುಗಳ ಪಕ್ಕದಲ್ಲಿ ಹಾಯುವ ಗೆರೆಯೊಂದುಂಟಷ್ಟೆ. ಇದರಲ್ಲಿ ಅದು ಬೆನ್ನಿಗೆ ಅಂಟಿದಂತೆ ಮೇಲೆಯೇ ಹೋಗಿ ನಡುದಾರಿಯಲ್ಲೇ ಮುಗಿದುಬಿಡುತ್ತದೆ. ಎಲ್ಲಕ್ಕೂ ಖಚಿತವಾದ ಗುರುತು ಹೊಟ್ಟೆಯಡಿಯ ರೆಕ್ಕೆ. ಅದರಲ್ಲಿ ಒಂದು ಮುಳ್ಳು, ಐದು ಕಡ್ಡಿ. ಹೊರಗಿನ ಎರಡು ಕಡ್ಡಿಗಳು ದಪ್ಪ, ಕವಲಿಲ್ಲ. ಒಳಗಿನ ಮೂರು ತೆಳ್ಳಗೆ, ಕವಲೊಡೆದಿರುತ್ತವೆ.

ಇನ್ನು ಅದರ ಸಂಸಾರ. ಮರಳಿನಲ್ಲಿ ಬಾಯಿಂದಲೇ ಬಿಲ ತೋಡುತ್ತದೆ. ಸಣ್ಣ ಕಲ್ಲು, ಚಿಪ್ಪಿನ ಚೂರು ತಂದು ಗೋಡೆ ಕಟ್ಟುತ್ತದೆ. ನೆರೆಮನೆಯ ಕಲ್ಲನ್ನು ಕದಿಯುವುದೂ ಉಂಟು! ಆಗ ಬಾಯಿ ಅಗಲಿಸಿ ಜಗಳ. ಚಾಳಿನಲ್ಲಿ ಬಾಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಗಲು ಬಿಲದ ಮೇಲೆ ನೆಟ್ಟಗೆ ನಿಂತು, ತೇಲಿ ಬರುವ ಸೂಕ್ಷ್ಮ ಜೀವಿಗಳನ್ನು ಹಿಡಿದು ತಿನ್ನುತ್ತದೆ. ಅಪಾಯ ಕಂಡರೆ ಬಾಲ ಮುಂದಾಗಿ ಒಳಗಿಳಿಯುತ್ತದೆ. ರಾತ್ರಿ ಬಾಗಿಲಿಗೆ ಕಲ್ಲು.

ಮೊಟ್ಟೆಗಳನ್ನು ಕಾಯುವವನು ತಂದೆ. ಸುಮಾರು ಒಂದು ವಾರ ಅವುಗಳನ್ನು ಬಾಯಲ್ಲೇ ಇಟ್ಟುಕೊಂಡು, ಆಗಾಗ ಹೊರಚಾಚಿ, ಹೊಸ ನೀರು ತಾಗಿಸಿ, ಮತ್ತೆ ಒಳಗೆಳೆದುಕೊಳ್ಳುತ್ತಾನೆ. ಅಷ್ಟು ದೊಡ್ಡ ಬಾಯಿ ಬರಿಯ ತಿನ್ನುವುದಕ್ಕಲ್ಲ.

ಇದೆಲ್ಲ ದೂರದ ಕಡಲಿನ ಮಾತಾಯಿತು ಎನ್ನಬೇಡಿ. ಕೇರಳದ ಕಡೆಯ ಅರಬ್ಬೀ ಸಮುದ್ರದಲ್ಲಿ ಸಿಕ್ಕ ಚುಕ್ಕೆಚುಕ್ಕೆಯ ದವಡೆಮೀನಿಗೆ 2012ರಲ್ಲಿ ‘ಪಾರ್ಡಸ್’, ಎಂದರೆ ಚಿರತೆ, ಎಂಬ ಹೆಸರು ಬಂದಿತು. ಅಲ್ಲಿಯವರೆಗೆ ಅದಕ್ಕೆ ಶಾಸ್ತ್ರದಲ್ಲಿ ಹೆಸರೇ ಇರಲಿಲ್ಲ. ತಳ ಗುಡಿಸುವ ಟ್ರಾಲ್ ಬಲೆ ಬಿಲವನ್ನೂ ಬಿಡದು, ಬಿಲದವನನ್ನೂ ಬಿಡದು. ಹೆಸರು ಬರುವ ಮೊದಲೇ ಗೊಬ್ಬರವಾಗಿ ಹೋದವು ಎಷ್ಟೋ! ರಜೆಯಲ್ಲಿ ಊರಿಗೆ ಹೋಗುವ ಉಡುಪಿ, ಕಾರವಾರದ ಕಡೆಯ ಗೆಳೆಯರು ದಕ್ಕೆಯಲ್ಲಿ ಕಸದ ಮೀನಿನ ರಾಶಿ ಕಂಡರೆ ಒಂದು ಗಳಿಗೆ ನಿಲ್ಲಿ. ದೊಡ್ಡ ಬಾಯಿಯ ಸಣ್ಣ ಮೀನಿದ್ದರೆ ಮಗುಚಿ, ಹೊಟ್ಟೆಯಡಿಯ ರೆಕ್ಕೆಯ ಕಡ್ಡಿಗಳನ್ನು ಎಣಿಸಿ ನೋಡಿ.